ಬರ್ಮಿಂಗ್‌ಹ್ಯಾಮ್ ಸಂಸ್ಕೃತಿ ಅಧ್ಯಯನ ಕೇಂದ್ರ ಮತ್ತು ವಿದ್ಯಾರ್ಥಿ ಸಂಶೋಧನೆ
ಜನಪ್ರಿಯ ಸಂಸ್ಕೃತಿ, ಮಾಧ್ಯಮ ಹಾಗೂ ಅಸ್ಮಿತೆಗಳ ಪರಸ್ಪರ ಸಂಬಂಧವನ್ನು ವಿದ್ಯಾರ್ಥಿಗಳೇ ಗುಂಪುಗೂಡಿ ಸಂಶೋಧಿಸುವ ಪದ್ಧತಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದಲ್ಲಿ ಗಟ್ಟಿಯಾಗಿ ನೆಲೆಯೂರಿತು. ಶ್ರಮಿಕ ವರ್ಗದ ಓದು ಮತ್ತು ಮನರಂಜನೆಗಳನ್ನು ಕುರಿತು 1957ರಲ್ಲಿ ‘ದಿ ಯೂಸಸ್ ಆಫ್ ಲಿಟರಸಿ’ ಗ್ರಂಥ ರಚಿಸಿದ್ದ ರಿಚರ್ಡ್ ಹೊಗ್ಗಾರ್ಟ್, ಪೆಂಗ್ವಿನ್ ಪ್ರಕಾಶನದ ಅಲೆನ್ ಲೇನ್ ಒದಗಿಸಿದ ಧನಸಹಾಯದಿಂದ 1964ರಲ್ಲಿ ಅಲ್ಲಿ ಸಮಕಾಲೀನ ಸಂಸ್ಕೃತಿ ಅಧ್ಯಯನ ಕೇಂದ್ರವನ್ನು ಸ್ಥಾಪಿಸಿದರು. ಹೊಗ್ಗಾರ್ಟ್ ಯುನೆಸ್ಕೊಗೆ ತೆರಳಿದ ಬಳಿಕ ಜಮೈಕಾ ಮೂಲದ ಸ್ಟುವರ್ಟ್ ಹಾಲ್ ಮೊದಲು ಹಂಗಾಮಿಯಾಗಿ, ಅನಂತರ ನಿರ್ದೇಶಕರಾಗಿ 1979ರವರೆಗೆ ಅದನ್ನು ಮುನ್ನಡೆಸಿದರು.

ಅಧ್ಯಾಪಕರು ಬೆರಳೆಣಿಕೆಯಷ್ಟೇ ಇದ್ದುದರಿಂದ ಕೇಂದ್ರದ ಕೆಲಸವೆಲ್ಲ ಸ್ನಾತಕೋತ್ತರ ವಿದ್ಯಾರ್ಥಿಗಳ ಅಧ್ಯಯನ ಗುಂಪುಗಳಲ್ಲಿ ನಡೆಯಿತು. ಇನ್ನೂ ಪೂರ್ಣಗೊಳ್ಳದ ಪ್ರಬಂಧಗಳನ್ನೂ ಸ್ಟೆನ್ಸಿಲ್ ಪ್ರತಿಗಳಾಗಿ ಹಂಚಿ ಚರ್ಚೆಗೆ ಒಡ್ಡುವುದು ಅಲ್ಲಿನ ರೂಢಿಯಾಗಿತ್ತು. ಹೀಗೆ ಹೊರಬಂದ ಬರಹಗಳಲ್ಲಿ, 1976ರಲ್ಲಿ ಪುಸ್ತಕವಾದ ‘ರೆಸಿಸ್ಟೆನ್ಸ್ ಥ್ರೂ ರಿಚುವಲ್ಸ್’ ಪ್ರಸಿದ್ಧವಾದುದು. ಮುಖ್ಯ ಸಮಾಜದೊಳಗೇ ಇದ್ದು ತನ್ನದೇ ಉಡುಪು, ಸಂಗೀತ, ನಡೆಗಳಿಂದ ಬೇರೆಯಾಗಿ ಕಾಣಿಸಿಕೊಳ್ಳುವ ಗುಂಪಿನ ಬದುಕನ್ನು, ಅಂದರೆ ಉಪಸಂಸ್ಕೃತಿಯನ್ನು, ಅದು ವರ್ಗದ ಪ್ರಶ್ನೆಯೊಂದಿಗೆ ಜೋಡಿಸಿತು. ಸಿರಿವಂತರಿಗಾಗಿ ಮತ್ತೆ ಚಾಲ್ತಿಗೆ ತಂದಿದ್ದ ಎಡ್ವರ್ಡ್ ದೊರೆಯ ಕಾಲದ ನೀಳ ಕೋಟನ್ನು ‘ಟೆಡ್ಡಿ ಬಾಯ್ಸ್’ ಎನಿಸಿಕೊಂಡ ಕೂಲಿಕಾರರ ಮಕ್ಕಳು ತೊಟ್ಟು ತಿರುಗಿದ್ದು, ಆ ದೃಷ್ಟಿಯಲ್ಲಿ, ಬರೀ ಶೋಕಿಯಲ್ಲ, ಕೈಗೆಟುಕದ ಸ್ಥಾನಮಾನವನ್ನು ಸಂಕೇತದಲ್ಲಾದರೂ ದಕ್ಕಿಸಿಕೊಳ್ಳುವ ಯತ್ನ.

ಈ ಓದು ಚುರುಕಾಗಿದ್ದರೂ ಬೀದಿಯ ಹುಡುಗರನ್ನಷ್ಟೇ ಕಂಡಿತ್ತು. ಹುಡುಗಿಯರೆಲ್ಲಿ ಎಂದು ಅದೇ ಸಂಪುಟದಲ್ಲಿ ಕೇಳಿದ ಏಂಜೆಲಾ ಮೆಕ್‌ರಾಬಿ ಮತ್ತು ಜೆನ್ನಿ ಗಾರ್ಬರ್, ಹುಡುಗಿಯರ ಉಪಸಂಸ್ಕೃತಿ ಮಲಗುವ ಕೋಣೆಯಲ್ಲಿ, ಗೆಳತಿಯರ ನಡುವೆ ಬೆಳೆಯುತ್ತದೆಂದು ತೋರಿಸಿದರು. ‘ಜಾಕಿ’ ಎಂಬ ಹುಡುಗಿಯರ ವಾರಪತ್ರಿಕೆಯನ್ನು ಮೆಕ್‌ರಾಬಿ ಪ್ರಣಯ, ಖಾಸಗಿ ಬದುಕು, ಉಡುಪು-ಸೌಂದರ್ಯ, ಪಾಪ್ ಸಂಗೀತ ಎಂಬ ನಾಲ್ಕು ಸಂಕೇತವ್ಯವಸ್ಥೆಗಳಾಗಿ ಬಿಡಿಸಿದರು. 1978ರ ‘ವಿಮೆನ್ ಟೇಕ್ ಇಶ್ಯೂ’ ಸ್ತ್ರೀವಾದಿ ಟೀಕೆಯನ್ನು ಕೇಂದ್ರದತ್ತಲೇ ತಿರುಗಿಸಿತು. 1982ರ ‘ದಿ ಎಂಪೈರ್ ಸ್ಟ್ರೈಕ್ಸ್ ಬ್ಯಾಕ್’ ಸಂಪುಟದಲ್ಲಿ ಪಾಲ್ ಗಿಲ್ರಾಯ್, ಹೇಜಲ್ ಕಾರ್ಬಿ ಮೊದಲಾದವರು ಜನಾಂಗದ ಪ್ರಶ್ನೆಯನ್ನು ಮುಂದಿಟ್ಟರು.

ಮಾಧ್ಯಮದ ಸಂದೇಶವನ್ನು ಕಳಿಸಿದವರ ಆಶಯದಂತೆಯೇ ನೋಡುಗರು ಗ್ರಹಿಸಬೇಕೆಂದೇನಿಲ್ಲ ಎಂಬ ವಾದವನ್ನು ಹಾಲ್ 1973ರಲ್ಲಿ ಮಂಡಿಸಿದ್ದರು. ಅದನ್ನು ಪರೀಕ್ಷಿಸಲು ಡೇವಿಡ್ ಮಾರ್ಲಿ, ಬಿಬಿಸಿಯ ‘ನೇಷನ್‌ವೈಡ್’ ಕಾರ್ಯಕ್ರಮವನ್ನು ಹಲವು ಗುಂಪುಗಳಿಗೆ ತೋರಿಸಿದಾಗ ಬ್ಯಾಂಕ್ ವ್ಯವಸ್ಥಾಪಕರೂ ಕಸುಬು ಕಲಿಯುತ್ತಿದ್ದ ಹುಡುಗರೂ ಬಹುಮಟ್ಟಿಗೆ ಕಾರ್ಯಕ್ರಮದ ಧೋರಣೆಗೇ ಒಲಿದಿದ್ದರು. ವರ್ಗವೊಂದೇ ಗ್ರಹಿಕೆಯನ್ನು ನಿರ್ಧರಿಸುತ್ತದೆಂಬ ಊಹೆ ಇಲ್ಲಿ ಸಡಿಲಗೊಂಡಿತು.

1990ರ ದಶಕದಲ್ಲಿ ಬೆಂಗಳೂರಿನಲ್ಲಿ ಆರಂಭವಾದ ‘ಸೆಂಟರ್ ಫಾರ್ ದಿ ಸ್ಟಡಿ ಆಫ್ ಕಲ್ಚರ್ ಅಂಡ್ ಸೊಸೈಟಿ’ ಸಂಸ್ಕೃತಿ ಅಧ್ಯಯನವನ್ನು ಭಾರತದ ಸಂದರ್ಭಕ್ಕೆ ಹೊರಳಿಸಿ ಸಂಶೋಧಕರನ್ನು ತರಬೇತುಗೊಳಿಸಿತು. ಬರ್ಮಿಂಗ್‌ಹ್ಯಾಮ್‌ನ ಕೇಂದ್ರವಾದರೋ ಮುಂದೆ ಪದವಿ ತರಗತಿಗಳನ್ನೂ ನಡೆಸುವ ವಿಭಾಗವಾಗಿ ಮಾರ್ಪಟ್ಟು, ಸಂಶೋಧನೆಯ ಗುಣಮಟ್ಟ ಅಳೆಯುವ ಸರ್ಕಾರಿ ಮೌಲ್ಯಮಾಪನದಲ್ಲಿ ಹಿಂದೆಬಿದ್ದಿತೆಂಬ ಕಾರಣ ನೀಡಿ ವಿಶ್ವವಿದ್ಯಾಲಯ 2002ರಲ್ಲಿ ಅದನ್ನು ಮುಚ್ಚಿತು.