ಗರ್ಭನಂಜಿನ ‘ನಂಜು’ ಸಿಕ್ಕ ಕಥೆ

ಗರ್ಭಿಣಿಗೆ ಬಿ.ಪಿ. ಏರಿ, ಕೆಲವೊಮ್ಮೆ ಫಿಟ್ಸ್ ತರುವ ಕಾಯಿಲೆಯೇ ಗರ್ಭನಂಜು. ರಕ್ತದಲ್ಲಿ ವಿಷ ಸೇರಿದೆ ಎಂದು ಹಿಂದಿನ ವೈದ್ಯರು ನಂಬಿದ್ದರು. ಆ ವಿಷ ಮಾತ್ರ ಯಾರ ಕೈಗೂ ಸಿಕ್ಕಿರಲಿಲ್ಲ.

1843ರಲ್ಲಿ ಲಂಡನ್ನಿನ ಗೈಸ್ ಆಸ್ಪತ್ರೆಯ ಜಾನ್ ಲೀವರ್, ಫಿಟ್ಸ್ ಬಂದ ಹೆಣ್ಣುಮಕ್ಕಳ ಮೂತ್ರದಲ್ಲಿ ಪ್ರೋಟೀನ್ ಕಂಡರು. 1896ರಲ್ಲಿ ಇಟಲಿಯ ರಿವಾ-ರೊಚ್ಚಿ, ತೋಳಿಗೆ ಕಟ್ಟುವ ಬಿ.ಪಿ. ಪಟ್ಟಿ ತಂದರು.

ರಕ್ತದ ಸುಳಿವು ಸಿಕ್ಕಿದ್ದು 2003ರಲ್ಲಿ, ಬಾಸ್ಟನ್ನಿನ ಅನಂತ್ ಕರುಮಂಚಿ ತಂಡಕ್ಕೆ. ಮಾಸು ಅತಿಯಾಗಿ ಬಿಡುವ ಎಸ್‌ಎಫ್‌ಎಲ್‌ಟಿ-1 ಎಂಬ ಪ್ರೋಟೀನ್, ರಕ್ತನಾಳ ಕಾಯುವ ಪಿಎಲ್‌ಜಿಎಫ್ ಅನ್ನು ಕಟ್ಟಿಹಾಕುತ್ತದೆ. ಗರ್ಭ ಧರಿಸಿದ ಇಲಿಗಳಿಗೆ ಅದನ್ನು ಕೊಟ್ಟಾಗ ಬಿ.ಪಿ. ಏರಿತು. ಲಕ್ಷಣ ಕಾಣುವ ಸುಮಾರು 5 ವಾರ ಮೊದಲೇ ಇದು ರಕ್ತದಲ್ಲಿ ಏರುತ್ತದೆಂದು 2004ರಲ್ಲಿ ಗೊತ್ತಾಯಿತು. ಈ ಎರಡನ್ನೂ ಅಳೆಯುವ ಪರೀಕ್ಷೆಗೆ ಅಮೆರಿಕ ಒಪ್ಪಿದ್ದು 2023ರಲ್ಲಿ.

ನಮಗೆ ಇಂದಿಗೂ ಮೊದಲ ಕಾವಲು ಆ ಹಳೆಯ ಪಟ್ಟಿ ಮತ್ತು ಮೂತ್ರ ಪರೀಕ್ಷೆಯೇ. ಜೋರು ತಲೆನೋವು ಬಂದರೆ, ಕಣ್ಣು ಮಂಜಾದರೆ ಅಂದೇ ಆಸ್ಪತ್ರೆಗೆ ಹೋಗಿ.