ಬರೆಸುವ ಯಂತ್ರ, ಬರೆದುಕೊಡುವ ಯಂತ್ರ

ಇಂಗ್ಲಿಷ್ ಪಾಠಕ್ಕೆ ಕಂಪ್ಯೂಟರನ್ನು ಕರೆತಂದ ಮೊದಲಿಗರಲ್ಲಿ ಅಮೆರಿಕದ ಎಲಿಸ್ ಪೇಜ್ ಒಬ್ಬರು. ಹಿಂದೆ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿದ್ದವರು. ತಿದ್ದಲು ಮೇಷ್ಟ್ರಿಗೆ ಹೊತ್ತಿಲ್ಲ, ಹಾಗಾಗಿ ಮಕ್ಕಳಿಗೆ ಬರೆಯಲು ಕೊಡುವುದೇ ಕಡಿಮೆ. ಈ ಗಂಟು ಬಿಡಿಸಲೆಂದು 1966ರಲ್ಲಿ ಅವರು ಪ್ರಬಂಧಕ್ಕೆ ಅಂಕ ಹಾಕುವ ಕಂಪ್ಯೂಟರ್ ವಿಧಾನವನ್ನು ಮುಂದಿಟ್ಟರು. ಅದಕ್ಕೆ ಅರ್ಥ ತಿಳಿಯುತ್ತಿರಲಿಲ್ಲ. ಪ್ರಬಂಧದ ಉದ್ದ, ಪದಗಳ ಉದ್ದ, ಅಲ್ಪವಿರಾಮಗಳನ್ನು ಎಣಿಸಿ, ಪರೀಕ್ಷಕರು ಎಷ್ಟು ಕೊಟ್ಟಾರೆಂದು ಅಂದಾಜಿಸುತ್ತಿತ್ತು. ಉದ್ದೇಶವಂತೂ ಚೊಕ್ಕವಾಗಿತ್ತು: ಮಕ್ಕಳು ಇನ್ನಷ್ಟು ಬರೆಯಬೇಕು. ಈ ಕ್ಷೇತ್ರದಲ್ಲಿ ಮುಂದೆ ಬಂದ ಪ್ರತಿಯೊಂದನ್ನೂ ನಾನು ಇದೇ ಅಳತೆಯಲ್ಲಿ ನೋಡುತ್ತೇನೆ.

1999ರ ಹೊತ್ತಿಗೆ ಇ-ರೇಟರ್ ಎಂಬ ತಂತ್ರಾಂಶ ಮ್ಯಾನೇಜ್‌ಮೆಂಟ್ ಕೋರ್ಸುಗಳ ಪ್ರವೇಶಕ್ಕಿರುವ ಜಿಮ್ಯಾಟ್ ಪರೀಕ್ಷೆಯ ಪ್ರಬಂಧಗಳಿಗೆ ಅಂಕ ಹಾಕತೊಡಗಿತು. ಅರ್ಥ ಬಿಟ್ಟು ಎಣಿಸುವ ದೋಷ ಮಾತ್ರ ಹೋಗಲಿಲ್ಲ. ಎಂಐಟಿಯಲ್ಲಿ ಬರವಣಿಗೆ ಕಲಿಸಿದ ಲೆಸ್ ಪೆರೆಲ್ಮನ್ 2014ರಲ್ಲಿ ಅರ್ಥವಿಲ್ಲದ ಭಾರೀ ಪದಗಳನ್ನು ಪೋಣಿಸುವ ತಂತ್ರಾಂಶವೊಂದನ್ನು ಕಟ್ಟಿ, ಅದರ ಪ್ರಬಂಧಗಳಿಗೆ ಇಂಥ ಯಂತ್ರಗಳಿಂದ ಒಳ್ಳೆಯ ಅಂಕ ಬರುವುದನ್ನು ತೋರಿಸಿದರು.

2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಬಂತು. ತಿದ್ದಬೇಕಿದ್ದ ಯಂತ್ರ ತಾನೇ ಬರೆದುಕೊಡತೊಡಗಿತು. ನ್ಯೂಯಾರ್ಕ್ ನಗರದ ಶಾಲೆಗಳು 2023ರ ಜನವರಿಯಲ್ಲಿ ಅದನ್ನು ನಿರ್ಬಂಧಿಸಿ, ಮೇ ತಿಂಗಳಲ್ಲಿ ನಿರ್ಬಂಧ ತೆಗೆದವು. ಯಂತ್ರದ ಬರಹವನ್ನು ಪತ್ತೆಹಚ್ಚುತ್ತೇವೆಂಬ ತಂತ್ರಾಂಶಗಳೂ ಹುಟ್ಟಿದವು. ಅದೇ ವರ್ಷ ಸ್ಟ್ಯಾನ್‌ಫರ್ಡ್ ಸಂಶೋಧಕರು ಇಂಗ್ಲಿಷ್ ಮಾತೃಭಾಷೆಯಲ್ಲದವರ ಟೋಫೆಲ್ ಎಂಬ ಇಂಗ್ಲಿಷ್ ಪರೀಕ್ಷೆಯ 91 ಪ್ರಬಂಧಗಳನ್ನು ಅವುಗಳಿಗೆ ಕೊಟ್ಟು ನೋಡಿದರು. ಸರಾಸರಿ ಅರ್ಧಕ್ಕಿಂತ ಹೆಚ್ಚು ಪ್ರಬಂಧಗಳು ಯಂತ್ರದ ಬರಹವೆಂಬ ತೀರ್ಪು ಬಂತು. ಕಷ್ಟಪಟ್ಟು ಸರಳ ವಾಕ್ಯ ಬರೆದ ಮಗುವಿನ ಮೇಲೆ ಕಳ್ಳತನದ ಆರೋಪ! ನಮ್ಮ ಶಾಲೆಗಳಿಗೆ ಈ ಪತ್ತೆ ತಂತ್ರಾಂಶಗಳು ಬೇಡವೇ ಬೇಡ.

ಆಮೇಲಿನ ಪ್ರಯೋಗಗಳೇ ಹೆಚ್ಚು ಕಲಿಸುತ್ತವೆ. ಟರ್ಕಿಯ ಹೈಸ್ಕೂಲೊಂದರಲ್ಲಿ ಗಣಿತ ಕಲಿಯುವ ಮಕ್ಕಳಿಗೆ ಜಿಪಿಟಿ-4 ನೆರವು ಕೊಟ್ಟಾಗ ಅಭ್ಯಾಸದಲ್ಲಿ ಶೇ. 48 ಉತ್ತಮಗೊಂಡರು, ಆದರೆ ಅದನ್ನು ಕಿತ್ತುಕೊಂಡು ಪರೀಕ್ಷೆಗೆ ಕೂರಿಸಿದಾಗ, ಅದನ್ನು ಬಳಸದೇ ಇದ್ದವರಿಗಿಂತ ಶೇ. 17 ಹಿಂದೆ ಬಿದ್ದರು. ಉತ್ತರದ ಬದಲು ಸುಳಿವಷ್ಟೇ ಕೊಡುವಂತೆ ಕಟ್ಟಿದ ಆವೃತ್ತಿಯಲ್ಲಿ ಈ ನಷ್ಟ ಬಹುತೇಕ ಕಾಣಲಿಲ್ಲ. ಇಂಗ್ಲಿಷಿನ ಸಾಕ್ಷ್ಯ ನೈಜೀರಿಯಾದ ಎಡೋ ರಾಜ್ಯದ್ದು. 2024ರಲ್ಲಿ ವಿಶ್ವಬ್ಯಾಂಕಿನ ಬೆಂಬಲದೊಂದಿಗೆ ಆರು ವಾರ, ಶಾಲೆ ಬಿಟ್ಟ ಮೇಲೆ, ಪ್ರೌಢಶಾಲೆಯ ಮಕ್ಕಳು ಜೋಡಿಯಾಗಿ ಕೂತು ಚಾಟ್‌ಬಾಟ್ ಜೊತೆ ಇಂಗ್ಲಿಷ್ ಅಭ್ಯಾಸ ಮಾಡಿದರು. ಏನು ಕೇಳಬೇಕೆಂದು ಶಿಕ್ಷಕರು ಹೇಳಿಕೊಡುತ್ತಿದ್ದರು. ಒಟ್ಟು ಫಲಿತಾಂಶದಲ್ಲಿ ಸುಮಾರು 0.3 ಮಾನಕ ವಿಚಲನೆಯಷ್ಟು ಏರಿಕೆ. ಅಷ್ಟು ಕಡಿಮೆ ಅವಧಿಗೆ ಇದು ದೊಡ್ಡದೇ. ದಕ್ಷಿಣ ಕೊರಿಯಾ ಅವಸರಪಟ್ಟಿತು: 2025ರ ಮಾರ್ಚಿನಲ್ಲಿ ಇಂಗ್ಲಿಷ್ ಸೇರಿದಂತೆ ಕೆಲವು ವಿಷಯಗಳಿಗೆ ಎಐ ಪಠ್ಯಪುಸ್ತಕ ತಂದಿತು, ಆಗಸ್ಟಿನಲ್ಲಿ ಅಲ್ಲಿನ ಸಂಸತ್ತು ಅವನ್ನು ಪೂರಕ ಸಾಮಗ್ರಿಯ ದರ್ಜೆಗೆ ಇಳಿಸಿತು.

ಕರ್ನಾಟಕದಲ್ಲಿ ಕನ್ನಡ ಮಾಧ್ಯಮದ ಹೈಸ್ಕೂಲು ಮಕ್ಕಳು ಎಸ್ಸೆಸ್ಸೆಲ್ಸಿಯಲ್ಲಿ ಇಂಗ್ಲಿಷಿನ ಲಿಖಿತ ಪರೀಕ್ಷೆಗೆ ಗೈಡು ನೋಡಿ ಪತ್ರ, ಪ್ರಬಂಧ ಬಾಯಿಪಾಠ ಮಾಡುವುದುಂಟು. ಬರೆದುಕೊಡುವ ಯಂತ್ರ ಅವರ ಪಾಲಿಗೆ ಇನ್ನೊಂದು ಗೈಡು, ಅಷ್ಟೆ. ಕೊರತೆ ಇರುವುದು ಮಾತಿನಲ್ಲಿ: ತಪ್ಪಾದರೂ ನಗದೆ ಕೇಳಿಸಿಕೊಳ್ಳುವ ಕಿವಿ ಸಿಗುವುದಿಲ್ಲ. ಗೂಗಲ್ 2019ರಲ್ಲಿ ಭಾರತದಲ್ಲಿ ತಂದ ಬೋಲೋ ಆ್ಯಪ್, ಮಗು ಗಟ್ಟಿಯಾಗಿ ಓದಿದ್ದನ್ನು ಕೇಳಿ ತಿದ್ದುವ ಪ್ರಯತ್ನ ಮಾಡಿತು. ಅದು ಎಳೆಯರಿಗೆಂದು ಮಾಡಿದ್ದು. ಹೈಸ್ಕೂಲಿಗೂ ಅಂಥದ್ದು ಬೇಕು. ಆದರೆ 'ಎಗ್' ಅನ್ನು 'ಯೆಗ್' ಎನ್ನುವ ನಮ್ಮ ಮಕ್ಕಳ ಉಚ್ಚಾರಣೆ ಯಂತ್ರಕ್ಕೆ ಪರಿಚಯವಿರಬೇಕಲ್ಲ? ಐಐಟಿ ಮದ್ರಾಸಿನ ಎಐ4ಭಾರತ್ ತಂಡ 2023ರಲ್ಲಿ ದೇಶದ 65 ಕಡೆಗಳ 117 ಮಂದಿಯ ಇಂಗ್ಲಿಷ್ ದನಿಯನ್ನು ಸಂಗ್ರಹಿಸಿ ಮುಕ್ತವಾಗಿ ಕೊಟ್ಟಿತು. ಪೋಷಕರ ಒಪ್ಪಿಗೆ ಪಡೆದು, ಬೀದರಿನಿಂದ ಚಾಮರಾಜನಗರದವರೆಗಿನ ಹೈಸ್ಕೂಲು ಮಕ್ಕಳ ದನಿಯನ್ನೂ ಹಾಗೆ ಸಂಗ್ರಹಿಸುವ ಕೆಲಸವನ್ನು ಶಿಕ್ಷಣ ಇಲಾಖೆಯೇ ಕೈಗೆತ್ತಿಕೊಳ್ಳಬೇಕು.