ಏಕಾದಶಿಯ ತಟ್ಟೆಯಲ್ಲಿ ಪರದೇಶಿ ಗೆಣಸು

ಏಕಾದಶಿಯ ದಿನ ನಮ್ಮ ಅವ್ವ ತಿನ್ನುತ್ತಿದ್ದುದು ಇಷ್ಟು: ಗೆಣಸು ತುರಿದು ತುಪ್ಪದಲ್ಲಿ ಬಾಡಿಸಿದ ಕೀಸು, ಅದಕ್ಕೆ ಶೇಂಗಾ ಪುಡಿ, ಹಸಿಮೆಣಸಿನಕಾಯಿ, ಜೀರಿಗೆ, ಪಕ್ಕದಲ್ಲಿ ಬಟಾಟಿ ಹಾಕಿದ ಸಾಬೂದಾಣಿ ಖಿಚಡಿ. ಅನ್ನ, ಜೋಳದ ರೊಟ್ಟಿ, ತೊಗರಿಬೇಳೆ ಮುಟ್ಟುವಂತಿಲ್ಲ. ಬೆಳಗಾವಿಯ ಸುತ್ತಮುತ್ತ ಇಂದಿಗೂ ಎಷ್ಟೋ ಮನೆಗಳ ಫರಾಳ ಇದೇ.

ಮಕ್ಕಳಿಗೆ ಇತಿಹಾಸ ಕಲಿಸಿದವಳು ನಾನು. ಈ ತಟ್ಟೆ ಕಂಡರೆ ನನಗೆ ನಗು. ಉಪ್ಪು, ತುಪ್ಪ, ಜೀರಿಗೆ ಬಿಟ್ಟರೆ ಉಳಿದದ್ದೆಲ್ಲ ಅಮೆರಿಕ ಖಂಡದ್ದು. ಗೆಣಸು, ಶೇಂಗಾ, ಮೆಣಸಿನಕಾಯಿ, ಬಟಾಟಿ, ಸಾಬೂದಾಣಿ ಮಾಡುವ ಮರಗೆಣಸು, ಯಾವುದೂ 1492ರಲ್ಲಿ ಕೊಲಂಬಸ್ ಸಮುದ್ರ ದಾಟುವ ಮೊದಲು ನಮ್ಮಲ್ಲಿರಲಿಲ್ಲ. ಮೂರನೆಯ ಮಂಗರಸ 16ನೆಯ ಶತಮಾನದ ಆರಂಭದಲ್ಲಿ ಕನ್ನಡದಲ್ಲಿ ‘ಸೂಪಶಾಸ್ತ್ರ’ ಬರೆದ. ಬದನೆ, ಬಾಳೆ, ಹಲಸು ಅವನ ಒಲೆಯ ಮೇಲೆ ಬೆಂದವು. ಈ ಗೆಣಸು ಅಲ್ಲಿಗೆ ಬರುವ ಮಾತೇ ಇರಲಿಲ್ಲ. ಪೋರ್ಚುಗೀಸರು ಗೋವೆ ಹಿಡಿದದ್ದು 1510ರಲ್ಲಿ. ನಮ್ಮೂರಿನಿಂದ ಘಟ್ಟ ಇಳಿದರೆ ಗೋವೆ. ಹಡಗಿನಲ್ಲಿ ಬಂದ ಬಳ್ಳಿ ಘಟ್ಟ ಹತ್ತದೆ ಇದ್ದೀತೇ?

ಪೂರ್ವದ ದೇಶಗಳಲ್ಲಿ ಅದು ಕಾಲಿಟ್ಟ ಇಸವಿಗಳೂ ಗೊತ್ತಿವೆ. 1593ರಲ್ಲಿ ಚೆನ್ ಝೆನ್‌ಲಾಂಗ್ ಎಂಬ ವ್ಯಾಪಾರಿ ಫಿಲಿಪೀನ್ಸಿನ ಲುಝೋನ್‌ನಿಂದ ಚೀನದ ಫೂಜಿಯಾನ್‌ಗೆ ಬಳ್ಳಿ ತಂದ. ಬರಗಾಲ ಬಿದ್ದಾಗ ಅಲ್ಲಿನ ಅಧಿಕಾರಿಯೇ ಮುಂದೆ ನಿಂತು ಬೆಳೆಸಿದ. ಜಪಾನಿನಲ್ಲಿ 1732ರ ಕ್ಷಾಮದ ಪೆಟ್ಟು ತಿಂದ ಮೇಲೆ, 1735ರಲ್ಲಿ ಅಓಕಿ ಕೊನ್ಯೊ ಎಂಬ ವಿದ್ವಾಂಸ ಎಡೊ ನಗರದಲ್ಲಿ ಗೆಣಸು ನೆಟ್ಟು ಪರೀಕ್ಷಿಸಿದ. ಜನ ಅವನನ್ನು ಗೆಣಸಿನ ಮೇಷ್ಟ್ರು ಅಂತಲೇ ಕರೆದರು. ಅಲ್ಲೆಲ್ಲ ಅದಕ್ಕೆ ಮಾನ ತಂದುಕೊಟ್ಟಿದ್ದು ಹಸಿವು. ನಮ್ಮ ಕಡೆ ಉಪವಾಸ.

ವ್ರತದವರು ಬಿಡುವುದು ಧಾನ್ಯವನ್ನು. ಕಂದಮೂಲ ಋಷಿಗಳ ಆಹಾರ, ಅದಕ್ಕೆ ಅಡ್ಡಿಯಿಲ್ಲ. ಹೊಸ ಗಡ್ಡೆ ಹೋಗಿ ಆ ಹಳೇ ಪಂಕ್ತಿಯಲ್ಲೇ ಕೂತಿತು. (ನಿಟ್ಟುಪವಾಸ ಮಾಡುವ ಮನೆಗಳಿಗೆ ಈ ಸವಲತ್ತಿಲ್ಲ; ಇದು ನಮ್ಮಂಥ ಅರೆ ಉಪವಾಸದವರದು.) ಒಮ್ಮೆ ಅವ್ವನನ್ನು ಕೇಳಿದ್ದೆ:

“ಶೇಂಗಾ ನಡೀತದ, ಜ್ವಾಳ ಯಾಕ ನಡ್ಯಂಗಿಲ್ಲ?”

“ಜ್ವಾಳ ತೆನಿಯಾಗಿಂದು. ಶೇಂಗಾ ನೆಲದಾಗಿಂದಲ್ಲೇನು?”

ಹಾಗಾದರೆ ಗಿಡದ ಮೇಲೆ ಬಿಡುವ ಮೆಣಸಿನಕಾಯಿ? ಕೇಳುವ ಧೈರ್ಯ ಮಾಡಲಿಲ್ಲ.

ಬೆಳಗಾವಿ ತಾಲ್ಲೂಕಿನ ಕೆಂಪು ನೆಲ ಗೆಣಸಿಗೆ ಹೇಳಿ ಮಾಡಿಸಿದ್ದು. ಎರೆಭೂಮಿ ಬಿಗಿ, ಅದರಲ್ಲಿ ಗಡ್ಡೆ ಊದಲಾರದು, ಅಗೆಯುವುದೂ ಕಷ್ಟ. ಇದಕ್ಕೆ ಬೀಜ ಬಿತ್ತುವುದಿಲ್ಲ. ಬೇಸಿಗೆಯಲ್ಲಿ ನೀರಿನ ಆಸರೆ ಇರುವ ಚಿಕ್ಕ ಮಡಿಯಲ್ಲಿ ಬಳ್ಳಿ ಉಳಿಸಿಕೊಂಡು, ಮಳೆ ಹಿಡಿದ ಮೇಲೆ ಗೇಣುದ್ದದ ತುಂಡು ಕತ್ತರಿಸಿ ಬೋದಿನ ಮೇಲೆ ಊರುತ್ತಾರೆ. ಬಳ್ಳಿ ಹಬ್ಬಿದಾಗ ಎತ್ತಿ ತಿರುವಿ ಹಾಕಬೇಕು. ಇಲ್ಲದಿದ್ದರೆ ಗಿಣ್ಣು ಗಿಣ್ಣಿಗೂ ಬೇರು ಬಿಟ್ಟು ಬುಡದ ಗಡ್ಡೆ ಸಣಕಲಾಗುತ್ತದೆ. ನೆಲ ಬಿರಿದರೆ ಇನ್ನೊಂದು ಕಾಟ: ಆ ಸಂದಿಯಿಂದಲೇ ಮೂತಿಹುಳು ಗಡ್ಡೆಗೆ ಇಳಿಯುತ್ತದೆ. ಅದಕ್ಕೇ ಬುಡಕ್ಕೆ ಮಣ್ಣೇರಿಸುವುದು. ಹುಳು ಹೊಕ್ಕ ಗೆಣಸು ಕಹಿ; ದನಕ್ಕೂ ಹಾಕಬಾರದು. ನಾಲ್ಕು ತಿಂಗಳಿಗೆ ಅಗೆತ. ಲಾರಿಗಳು ಹೊರರಾಜ್ಯದ ಮಾರುಕಟ್ಟೆಗಳಿಗೂ ಹೊರಡುತ್ತವೆ.

ಅಗೆದ ದಿನವೇ ಬೇಯಿಸಿದರೆ ರುಚಿ ಸಾಲದು. ಕೆಲವು ದಿನ ಇಟ್ಟರೆ ಸಿಹಿ ಏರುತ್ತದೆ. ಕೆಂಡದ ಬೂದಿಯಲ್ಲಿ ಸುಟ್ಟದ್ದು ಕುಕ್ಕರಿನದಕ್ಕಿಂತ ಸಿಹಿಯಾಗುವುದಕ್ಕೂ ಕಾರಣವಿದೆ: ಬಿಸಿ ನಿಧಾನಕ್ಕೆ ಏರಿದಷ್ಟೂ ಗಡ್ಡೆಯೊಳಗಿನ ಕಿಣ್ವಕ್ಕೆ ಪಿಷ್ಟವನ್ನು ಸಕ್ಕರೆ ಮಾಡಲು ಹೊತ್ತು ಸಿಗುತ್ತದೆ. ಮೈಸೂರು ಕಡೆಯವರು ಸಂಕ್ರಾಂತಿಗೆ ಅವರೆಕಾಯಿ, ಕಡಲೆಕಾಯಿ ಜೊತೆ ಇದನ್ನು ಬೇಯಿಸುತ್ತಾರೆ. ನನ್ನ ಓಟು ಬೂದಿಗೇ.

ತಿರುವನಂತಪುರದಲ್ಲಿ 1963ರಲ್ಲಿ ಶುರುವಾದ ಕೇಂದ್ರೀಯ ಗೆಡ್ಡೆಗೆಣಸು ಸಂಶೋಧನಾ ಸಂಸ್ಥೆ ಈಗ ಕಿತ್ತಳೆ ತಿರುಳಿನ ಭೂ ಸೋನಾ, ನೇರಳೆ ತಿರುಳಿನ ಭೂ ಕೃಷ್ಣ ಎಂಬ ತಳಿಗಳನ್ನು ಕೊಟ್ಟಿದೆ. ಇವು ಏಕಾದಶಿಗೆ ನಡೆದಾವೋ ಎಂದು ಯಾರೂ ಭಟ್ಟರನ್ನು ಕೇಳಲು ಹೋಗಲಾರರು. ನಮ್ಮ ರೈತರು ಕೇಳುವುದು ಹುಳದ ಮಾತು, ಆಮೇಲೆ ದರದ ಮಾತು.